ಓದಲು ಬಂದರೆ ಸಾಲದು, ಓದಿದಂತೆ ಮಾಡಲೂ ಬರಬೇಕು

ಬರೆದ ಸೂಚನೆಯನ್ನು ತಾನೇ ಓದಿ ಪಾಲಿಸುವ ಅಭ್ಯಾಸ ಮಗುವಿಗೆ ಮನೆಯಲ್ಲೇ ಆಗಬೇಕು

ಮುಂಬಯಿ ಮಹಾನಗರದಲ್ಲಿ ವಿದ್ಯೆಯ ಪರಿಸರ ಎಂದೊಡನೆ ನೆನಪಾಗುವ ಹೆಸರುಗಳಲ್ಲಿ ಮಾಟುಂಗ ಒಂದು. 1887ರಲ್ಲಿ ಆರಂಭಗೊಂಡು 1923ರಲ್ಲಿ ಇಲ್ಲಿಗೆ ಬಂದು ನೆಲೆಸಿದ ವಿಜೆಟಿಐ, 1933ರಲ್ಲಿ ಹುಟ್ಟಿ ಯುಡಿಸಿಟಿ ಎಂದು ಹೆಸರಾಗಿ ಈಗ ಐಸಿಟಿ ಎನಿಸಿಕೊಂಡಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, 1932ರಲ್ಲಿ ದಕ್ಷಿಣ ಭಾರತೀಯರು ಕಟ್ಟಿದ ಎಸ್‌ಐಇಎಸ್, ಡಾನ್ ಬಾಸ್ಕೊ ಶಾಲೆ, ರೂಯಿಯಾ, ಪೊದಾರ್, ಖಾಲ್ಸಾ ಕಾಲೇಜುಗಳು ಎಲ್ಲವೂ ಅತ್ತಿತ್ತ ನಡೆದೇ ತಲಪುವಷ್ಟು ಹತ್ತಿರ. ಮಕ್ಕಳ ಓದಿಗಾಗಿ ಏನು ಬೇಕಾದರೂ ಮಾಡಲು ಸಿದ್ಧರಿರುವ ಪಾಲಕರಿಗೂ ಈ ಪರಿಸರದಲ್ಲಿ ಕೊರತೆಯಿಲ್ಲ. ಶಾಲೆ, ಟ್ಯೂಷನ್, ಸಂಗೀತ, ಭರತನಾಟ್ಯ, ಚೆಸ್ ಹೀಗೆ ಮಕ್ಕಳ ದಿನಚರಿ ದೊಡ್ಡವರ ದಿನಚರಿಗಿಂತ ಬಿಗಿಯಾಗಿರುತ್ತದೆ.

ಆದರೂ ಪ್ರತಿ ಪರೀಕ್ಷೆಯ ನಂತರ ಮನೆ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ. "ಉತ್ತರ ಎಲ್ಲಾ ಗೊತ್ತಿತ್ತಮ್ಮ, ಪ್ರಶ್ನೆ ಸರಿಯಾಗಿ ನೋಡಲಿಲ್ಲ." ಯಾವುದಾದರೂ ಮೂರಕ್ಕೆ ಉತ್ತರಿಸಿ ಎಂದಿದ್ದಲ್ಲಿ ಐದಕ್ಕೂ ಬರೆದು ಸಮಯ ಕಳೆದುಕೊಂಡಿರುತ್ತದೆ. ತಪ್ಪಾದುದಕ್ಕೆ ಗುರುತು ಹಾಕಿ ಎಂದಿದ್ದಲ್ಲಿ ಸರಿಯಾದುದಕ್ಕೆ ಹಾಕಿರುತ್ತದೆ. ಒಂದು ವಾಕ್ಯ ಕೇಳಿದಲ್ಲಿ ಒಂದು ಪುಟ, ಒಂದು ಪುಟ ಕೇಳಿದಲ್ಲಿ ಒಂದು ವಾಕ್ಯ. ತಾಯಿ ಗದರುತ್ತಾಳೆ, ತಂದೆ 'ಗಮನ ಇಲ್ಲ' ಎಂದು ಬಿಡುತ್ತಾನೆ. ಇನ್ನೊಂದು ಟ್ಯೂಷನ್ ಸೇರಿಸುವ ಯೋಚನೆಯೂ ಬರುತ್ತದೆ. ಮಗುವಿಗೆ ಪಾಠ ಬಾರದೆ ಹೀಗಾದದ್ದಲ್ಲ. ಬರೆದ ಸೂಚನೆಯನ್ನು ಓದಿ ಅದರಂತೆ ನಡೆಯುವುದು ಒಂದು ಪ್ರತ್ಯೇಕ ವಿದ್ಯೆ. ಆ ವಿದ್ಯೆಯನ್ನು ಮಗುವಿಗೆ ಯಾರೂ ಕುಳಿತು ಕಲಿಸಿರುವುದಿಲ್ಲ.

ಇದು ಮುಂಬಯಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಇದೇ ಮಹಾನಗರದ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದ 'ಪ್ರಥಮ್' ಸಂಸ್ಥೆ ದೇಶದ ಮಕ್ಕಳ ಕಲಿಕೆಯ ಕುರಿತು 'ಅಸರ್' ಎಂಬ ಸಮೀಕ್ಷೆ ನಡೆಸುತ್ತಾ ಬಂದಿದೆ. 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ 14ರಿಂದ 18 ವರ್ಷದ 34,745 ಹುಡುಗ ಹುಡುಗಿಯರನ್ನು ಸಮೀಕ್ಷೆಯವರು ಭೇಟಿಯಾದರು. ಅವರು ಕೊಟ್ಟ ಪರೀಕ್ಷೆಗಳಲ್ಲಿ ಒಂದು ವಾಂತಿಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣ. ಅದರ ಮೇಲಿನ ಸೂಚನೆ ಓದಿ ನಾಲ್ಕು ಸರಳ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಓದು ಬರುವವರಲ್ಲಿಯೂ ನಾಲ್ಕರಲ್ಲಿ ಮೂರಕ್ಕಾದರೂ ಸರಿ ಉತ್ತರ ಕೊಟ್ಟವರು ಸುಮಾರು ಮೂರರಲ್ಲಿ ಎರಡು ಪಾಲು ಮಂದಿ. ಉಳಿದ ಒಂದು ಪಾಲಿನವರು ಅಕ್ಷರ ಬಾರದವರಲ್ಲ. ಅಕ್ಷರ ಬಂದೂ ಅದು ಹೇಳಿದ್ದನ್ನು ಹಿಡಿಯಲಾಗದವರು.

ಕಿವಿಯ ಪರಂಪರೆ

ತುಳು-ಕನ್ನಡಿಗರ ಮನೆಗಳಲ್ಲಿ ಈ ವಿಷಯಕ್ಕೆ ಒಂದು ವಿಶೇಷ ಹಿನ್ನೆಲೆಯೂ ಇದೆ. ಮಾಟುಂಗದ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಇಲ್ಲಿನ ಹೋಟೆಲುಗಳು. ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳಿಗೆ, ಸರ್ಕಲ್ ಸುತ್ತಲಿನ ಇಡ್ಲಿ ದೋಸೆಯ ತಾಣಗಳಿಗೆ ಊರಿನಿಂದ ಬಂದ ಹುಡುಗರೇ ಆಧಾರ. ಅಲ್ಲಿನ ಕೆಲಸವೆಲ್ಲ ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ಹತ್ತು ಮೇಜುಗಳ ಆರ್ಡರನ್ನು ಕಾಗದ ಪೆನ್ಸಿಲ್ ಇಲ್ಲದೆ ತಲೆಯಲ್ಲಿಟ್ಟುಕೊಂಡು, ಒಂದೇ ಉಸಿರಿಗೆ ಅಡುಗೆಮನೆಯತ್ತ ಕೂಗಿ ಹೇಳಿ, ಕೊನೆಗೆ ಬಿಲ್ಲನ್ನೂ ಬಾಯಲ್ಲೇ ಹೇಳುತ್ತಿದ್ದ ಸಪ್ಲಾಯರನ ಜಾಣ್ಮೆಯನ್ನು ಕಂಡು ಬೆರಗಾಗದವರಿಲ್ಲ. ದೋಸೆಯ ಹದ, ಸಾಂಬಾರಿನ ಪ್ರಮಾಣ ಎಲ್ಲವೂ ಕಂಡು ಕಲಿತದ್ದು, ಕೇಳಿ ಕಲಿತದ್ದು.

ಹಾಗೆಂದು ಆ ಪೀಳಿಗೆ ಅಕ್ಷರದ ಬೆಲೆ ಅರಿಯದೆ ಇರಲಿಲ್ಲ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಸೇರಿದಂತೆ ಹಲವು ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ದುಡಿದು ದಣಿದ ಹುಡುಗರು ಕುಳಿತು ಓದಿದರು. ಮನಿಯಾರ್ಡರ್ ಫಾರ್ಮು ತುಂಬಲು, ಲೈಸೆನ್ಸಿನ ಅರ್ಜಿ ಅರ್ಥಮಾಡಿಕೊಳ್ಳಲು, ಬ್ಯಾಂಕಿನ ಚಲನ್ ಬರೆಯಲು ಇನ್ನೊಬ್ಬರ ಮುಂದೆ ಕೈಯೊಡ್ಡಬಾರದು ಎಂಬ ಛಲ ಅವರಿಗಿತ್ತು. ಅಂದರೆ ಬರೆದ ಸೂಚನೆಯನ್ನು ತಾನೇ ಓದಿ ಪಾಲಿಸಬಲ್ಲವನು ಸ್ವತಂತ್ರ ಎಂಬ ಸತ್ಯವನ್ನು ಅವರು ಬದುಕಿನಿಂದಲೇ ಕಲಿತಿದ್ದರು.

ಇಂದಿನ ಮಕ್ಕಳಿಗೆ ಆ ಅಗತ್ಯ ಬೀಳುತ್ತಿಲ್ಲ. ಶಾಲೆಯ ಸೂಚನೆ ಬರುವುದು ತಾಯಿಯ ಮೊಬೈಲಿಗೆ. 2020ರ ಲಾಕ್‌ಡೌನ್ ಕಾಲದಲ್ಲಿ ಬಲವಾಗಿ ಬೇರೂರಿದ ವಾಟ್ಸಾಪ್ ಗುಂಪುಗಳು ಇನ್ನೂ ಇವೆ. ನಾಳೆ ಯಾವ ಬಟ್ಟೆ, ಯಾವ ಪುಸ್ತಕ, ಪ್ರಾಜೆಕ್ಟಿಗೆ ಎಷ್ಟು ಅಳತೆಯ ಕಾಗದ ಎಂಬುದನ್ನು ತಾಯಿ ಓದಿ ಮಗುವಿಗೆ ಹೇಳುತ್ತಾಳೆ. ಹೋಮ್‌ವರ್ಕ್ ಪುಸ್ತಕ ತೆರೆದ ಮಗು ಪ್ರಶ್ನೆಯ ಮೇಲಿನ ಸಾಲನ್ನು ಓದುವ ಮೊದಲೇ "ಅಮ್ಮಾ, ಇದರಲ್ಲಿ ಏನು ಮಾಡಬೇಕು?" ಎಂದು ಕೇಳುತ್ತದೆ. ಅಡುಗೆಯ ಅವಸರದಲ್ಲಿರುವ ತಾಯಿ ಇಣುಕಿ ನೋಡಿ "ಹೊಂದಿಸಿ ಬರಿ" ಎಂದು ಹೇಳಿ ಹೋಗುತ್ತಾಳೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಆ ಸಾಲನ್ನು ಓದಿದವಳು ತಾಯಿ, ಮಗುವಲ್ಲ. ಮಗುವಿಗೆ ಸಿಕ್ಕಿದ್ದು ಎಂದಿನಂತೆ ಬಾಯಿಮಾತಿನ ಸೂಚನೆ. ಹೀಗೆ ಹತ್ತು ವರ್ಷ ಕಿವಿಯೊಂದನ್ನೇ ಪಳಗಿಸಿ, ಪರೀಕ್ಷೆಯ ಹಾಲಿನಲ್ಲಿ ದಿಢೀರನೆ ಕಣ್ಣನ್ನು ನಂಬು ಎಂದರೆ ಮಗು ಏನು ಮಾಡೀತು?

ಓದುವುದೊಂದು, ಮಾಡುವುದು ಇನ್ನೊಂದು

ಕಥೆ ಓದುವಾಗ ಮಗು ಒಂದು ಪದ ಬಿಟ್ಟರೂ ಕಥೆ ಮುಂದೆ ಸಾಗುತ್ತದೆ. ಸೂಚನೆಯಲ್ಲಿ ಒಂದು ಪದ ಬಿಟ್ಟರೆ ಕೆಲಸವೇ ಕೆಡುತ್ತದೆ. ಸೂಚನೆ ಪಾಲಿಸಲು ನಾಲ್ಕು ಕೆಲಸಗಳು ಒಟ್ಟಿಗೆ ನಡೆಯಬೇಕು. ಓದಬೇಕು, ಓದಿದ್ದನ್ನು ತಲೆಯಲ್ಲಿ ಹಿಡಿದುಕೊಳ್ಳಬೇಕು, ಕೈಯಿಂದ ಮಾಡಬೇಕು, ಮಾಡಿದ ನಂತರ ಮತ್ತೆ ಕಾಗದಕ್ಕೆ ಮರಳಿ ಸರಿಯಾಯಿತೇ ಎಂದು ನೋಡಬೇಕು. ಹೆಚ್ಚಿನ ಮಕ್ಕಳು ಎಡವುವುದು ಎರಡನೆಯ ಮತ್ತು ನಾಲ್ಕನೆಯ ಮೆಟ್ಟಿಲಿನಲ್ಲಿ.

ತಲೆಯಲ್ಲಿ ಒಮ್ಮೆಗೆ ಹಿಡಿದುಕೊಳ್ಳಬಹುದಾದ ಸಂಗತಿಗಳಿಗೆ ಮಿತಿಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದನ್ನು ಏಳರ ಆಸುಪಾಸು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅವರು ಆ ಲೆಕ್ಕವನ್ನು ಇಳಿಸಿ ನಾಲ್ಕರ ಸುಮಾರಿಗೆ ತಂದರು. ಇದು ದೊಡ್ಡವರ ಮಾತು. ಚಿಕ್ಕ ಮಕ್ಕಳಲ್ಲಿ ಇನ್ನೂ ಕಡಿಮೆ. ಹೀಗಿರುವಾಗ "ಕೈಕಾಲು ತೊಳೆದು, ಯೂನಿಫಾರ್ಮ್ ಬದಲಾಯಿಸಿ, ಡಬ್ಬಿ ಸಿಂಕಿನಲ್ಲಿಟ್ಟು, ಹಾಲು ಕುಡಿದು, ಡೈರಿ ತೆಗೆದುಕೊಂಡು ಬಾ" ಎಂದರೆ ಮಗು ಹಾಲು ಕುಡಿದು ಆಟಕ್ಕೆ ಓಡುವುದು ಉದ್ಧಟತನವಲ್ಲ. ಇದೇ ಐದು ಕೆಲಸಗಳನ್ನು ಒಂದರ ಕೆಳಗೊಂದು ಬರೆದು ಗೋಡೆಗೆ ಅಂಟಿಸಿದರೆ ತಲೆಯ ಭಾರವನ್ನು ಕಾಗದ ಹೊರುತ್ತದೆ. ಬರಹದ ದೊಡ್ಡ ಉಪಕಾರವೇ ಅದು. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದ ಅಲ್ಲೇ ಇದ್ದು ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತದೆ.

ಬರೆದ ಪಟ್ಟಿ ನೋಡುವುದು ದಡ್ಡರ ಲಕ್ಷಣ ಎಂದು ಕೆಲವು ಮಕ್ಕಳು ತಿಳಿದಿರುತ್ತಾರೆ. ಅವರಿಗೆ ವಿಮಾನದ ಕಥೆ ಹೇಳಬಹುದು. 1935ರಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ಯುದ್ಧವಿಮಾನವೊಂದು ಪರೀಕ್ಷಾ ಹಾರಾಟದಲ್ಲೇ ನೆಲಕ್ಕಪ್ಪಳಿಸಿತು. ನಡೆಸುತ್ತಿದ್ದವರು ನುರಿತ ಪೈಲಟ್‌ಗಳು. ಒಂದು ಬೀಗ ಸಡಿಲಿಸಲು ಮರೆತದ್ದೇ ಅವಘಡಕ್ಕೆ ಕಾರಣ. ಆ ಬಳಿಕ ಹಾರುವ ಮುನ್ನ ಬರೆದ ಪಟ್ಟಿಯನ್ನು ಓದಿ ಒಂದೊಂದನ್ನೇ ನೋಡಿಕೊಳ್ಳುವ ಪದ್ಧತಿ ಬಂತು. ಶಸ್ತ್ರಚಿಕಿತ್ಸೆಗೂ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಪಟ್ಟಿಯನ್ನು ಹೊರತಂದಿತು. ಪೈಲಟ್, ಸರ್ಜನ್‌ಗಳಿಗೇ ಬೇಕಾದುದು ನಾಲ್ಕನೆಯ ತರಗತಿಯ ಮಗುವಿಗೆ ಬೇಡವೇ?

ಕ್ರಿಯಾಪದ ಎಲ್ಲಿದೆ?

ಮುಂಬಯಿಯ ಕನ್ನಡಿಗರ ಮಗು ಎದುರಿಸುವ ಇನ್ನೊಂದು ತೊಡಕು ಭಾಷೆಯದು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಕನ್ನಡ. ಶಾಲೆಯಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್. ಜೊತೆಗೆ ಹಿಂದಿ, ಮರಾಠಿ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಒಂದೇ ಬಗೆಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ 'ಮ್ಯಾಚ್ ದ ಪೇರ್ಸ್', ಮರಾಠಿಯಲ್ಲಿ 'ಜೋಡ್ಯಾ ಲಾವಾ', ಕನ್ನಡದಲ್ಲಿ 'ಹೊಂದಿಸಿ ಬರೆಯಿರಿ'.

ಇಲ್ಲಿ ಪಾಲಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಇಂಗ್ಲಿಷ್ ಸೂಚನೆಯಲ್ಲಿ ಮಾಡಬೇಕಾದ ಕೆಲಸ ಸಾಲಿನ ಮೊದಲಿಗೇ ಬರುತ್ತದೆ. 'ಆನ್ಸರ್ ಎನಿ ತ್ರೀ' ಎಂಬಲ್ಲಿ 'ಆನ್ಸರ್' ಕಂಡ ಕೂಡಲೇ ಮಗು ಪೆನ್ನು ಹಿಡಿಯುತ್ತದೆ. ಹಿಂದೆ ಬರುವ 'ಯಾವುದಾದರೂ ಮೂರು', 'ಒಂದೇ ವಾಕ್ಯದಲ್ಲಿ' ಎಂಬ ಷರತ್ತುಗಳು ಕಣ್ಣಿಗೆ ಬೀಳುವುದೇ ಇಲ್ಲ. ಕನ್ನಡ, ಮರಾಠಿ, ಹಿಂದಿಗಳಲ್ಲಿ ಇದಕ್ಕೆ ತದ್ವಿರುದ್ಧ. ಷರತ್ತುಗಳೆಲ್ಲ ಮೊದಲು ಬಂದು, ಮಾಡಬೇಕಾದ ಕೆಲಸ ಸಾಲಿನ ತುದಿಯಲ್ಲಿ ಕುಳಿತಿರುತ್ತದೆ. 'ಕೆಳಗಿನ ವಾಕ್ಯಗಳಲ್ಲಿನ ನಾಮಪದಗಳನ್ನು ಗುರುತಿಸಿ ಅಡಿಗೆರೆ ಎಳೆಯಿರಿ' ಎಂಬುದನ್ನು ಅರ್ಧಕ್ಕೇ ಬಿಟ್ಟ ಮಗು ನಾಮಪದಗಳನ್ನು ಬೇರೆಯಾಗಿ ಪಟ್ಟಿ ಮಾಡುತ್ತದೆ, ಗೆರೆ ಎಳೆಯುವುದಿಲ್ಲ. ಆದ್ದರಿಂದ ಇಂಗ್ಲಿಷ್ ಸೂಚನೆಯಾದರೆ 'ಮೊದಲ ಪದಕ್ಕೆ ಓಡಬೇಡ', ಕನ್ನಡ ಮರಾಠಿ ಸೂಚನೆಯಾದರೆ 'ಕೊನೆಯ ಪದ ಮುಟ್ಟದೆ ನಿಲ್ಲಬೇಡ' ಎಂಬ ಎರಡು ಮಾತು ಮಗುವಿಗೆ ಮನದಟ್ಟಾಗಬೇಕು. ಎರಡಕ್ಕೂ ಮದ್ದು ಒಂದೇ. ಪೂರ್ಣವಿರಾಮದವರೆಗೆ ಓದಿದ ನಂತರವಷ್ಟೇ ಕೈ ಅಲ್ಲಾಡಬೇಕು.

ಚೀಟಿಯಿಂದ ಆರಂಭ

ಅಭ್ಯಾಸವನ್ನು ಪಠ್ಯಪುಸ್ತಕದಿಂದ ಆರಂಭಿಸುವುದು ಬೇಡ. ಮಗುವಿಗೆ ಆಸೆ ಹುಟ್ಟಿಸುವ ಕೆಲಸ ಬೇಕು. ಅಕ್ಷರ ಕೂಡಿಸಿ ಓದಲು ಕಲಿತ ಆರು ಏಳು ವರ್ಷದ ಮಗುವಿಗೆ ಒಂದೇ ಸಾಲಿನ ಚೀಟಿ ಸಾಕು. 'ದಿಂಬಿನ ಕೆಳಗೆ ನೋಡು.' ಅಲ್ಲಿ ಇನ್ನೊಂದು ಚೀಟಿ, 'ಅಕ್ಕಿ ಡಬ್ಬದ ಹಿಂದೆ ನೋಡು.' ಅಲ್ಲೊಂದು ಚಿಕ್ಕಿ. ಓದಿದಂತೆ ಮಾಡಿದರೆ ಫಲವುಂಟು ಎಂಬ ಪಾಠ ಇಷ್ಟರಲ್ಲೇ ಆಗಿಹೋಗುತ್ತದೆ. ವಾರ ಕಳೆದಂತೆ ಒಂದು ಚೀಟಿಯಲ್ಲಿ ಎರಡು ಕೆಲಸ, ಬಳಿಕ ಮೂರು.

ಎಂಟು ಒಂಬತ್ತರ ಪ್ರಾಯಕ್ಕೆ ಪೇಟೆಯ ಚೀಟಿ. ಮಾಟುಂಗ ಸ್ಟೇಷನ್ ಬಳಿಯ ಮಾರುಕಟ್ಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹೂವು, ಬಾಳೆ ಎಲೆ, ಮಂಗಳೂರು ಸೌತೆ, ಬಸಳೆ, ಕೆಸುವಿನೆಲೆ ಎಲ್ಲವೂ ಅಲ್ಲಿ ಸಿಗುತ್ತವೆ. ದೊಡ್ಡವರು ಜೊತೆಗಿರಲಿ, ಚೀಟಿ ಮಾತ್ರ ಮಗುವಿನ ಕೈಯಲ್ಲಿರಲಿ. 'ಬಾಳೆ ಎಲೆ 5. ಮಂಗಳೂರು ಸೌತೆ 1, ಚಿಕ್ಕದು. ಮಲ್ಲಿಗೆ 1 ಮೊಳ. ಮಲ್ಲಿಗೆ ಇಲ್ಲದಿದ್ದರೆ ಸೇವಂತಿಗೆ.' ಈ ನಾಲ್ಕು ಸಾಲಿನಲ್ಲಿ ಎಣಿಕೆಯಿದೆ, ಗಾತ್ರವಿದೆ, ಅಳತೆಯಿದೆ, 'ಇಲ್ಲದಿದ್ದರೆ' ಎಂಬ ಷರತ್ತೂ ಇದೆ. ಮಲ್ಲಿಗೆ ಸಿಕ್ಕಿದರೆ ಸೇವಂತಿಗೆ ಬೇಡ ಎಂಬುದನ್ನು ತಾನಾಗಿ ತಿಳಿದುಕೊಂಡ ಮಗುವಿಗೆ ಪ್ರಶ್ನೆಪತ್ರಿಕೆಯ 'ಅಥವಾ' ಮುಂದೆ ಎಂದೂ ಕಾಡದು.

ಮೂರನೆಯದು ಅಡುಗೆಮನೆ. ಒಲೆ, ಚೂರಿ ಬೇಡದ ಪಾನಕದಿಂದ ಆರಂಭಿಸಬಹುದು. ನಿಂಬೆಹಣ್ಣನ್ನು ದೊಡ್ಡವರು ಕತ್ತರಿಸಿ ಕೊಟ್ಟರೆ ಸಾಕು. ಚೀಟಿ ಹೀಗಿರಲಿ:

1. ಪಾತ್ರೆಗೆ ನಾಲ್ಕು ಲೋಟ ಕುಡಿಯುವ ನೀರು ಹಾಕು.
2. ಅರ್ಧ ಲೋಟ ಬೆಲ್ಲದ ಪುಡಿ ಹಾಕಿ ಪೂರ್ತಿ ಕರಗಿಸು.
3. ಬೆಲ್ಲದ ನೀರನ್ನು ಇನ್ನೊಂದು ಪಾತ್ರೆಗೆ ಸೋಸು.
4. ಒಂದು ನಿಂಬೆಹಣ್ಣಿನ ರಸ ಹಿಂಡು. ಬೀಜ ಬೀಳದಿರಲಿ.
5. ಎರಡು ಚಿಟಿಕೆ ಏಲಕ್ಕಿ ಪುಡಿ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಹಾಕು.
6. ಚೆನ್ನಾಗಿ ಕಲಸಿ ಲೋಟಗಳಿಗೆ ಸಮನಾಗಿ ಹಂಚು.

ಒಂದು ಸಾಲಿಗೆ ಒಂದು ಮೆಟ್ಟಿಲು. ಮುಗಿದ ಸಾಲಿನ ಮುಂದೆ ಮಗು ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಮುಂದಿನ ಸಾಲಿಗೆ ಹೋಗಬೇಕು. ಮೂರನೆಯ ಸಾಲು ಬಿಟ್ಟುಹೋದರೆ ಬಾಯಿಗೆ ಕಸ ಸಿಗುತ್ತದೆ. ಆಗ ಯಾರೂ ಗದರಬೇಕಾಗಿಲ್ಲ, ಪಾನಕವೇ ತಪ್ಪನ್ನು ಹೇಳುತ್ತದೆ. ಅಡುಗೆಯಿಂದ ಕಲಿಯುವುದರ ಲಾಭವಿದು. ಹೋಮ್‌ವರ್ಕಿನ ತಪ್ಪು ಟೀಚರ್ ಕೆಂಪು ಶಾಯಿ ಹಾಕುವವರೆಗೆ ತಿಳಿಯದು, ಇಲ್ಲಿನ ತಪ್ಪು ಕೂಡಲೇ ನಾಲಿಗೆಗೆ ತಿಳಿಯುತ್ತದೆ.

ದೊಡ್ಡವರ ಮೌನ

ಈ ಅಭ್ಯಾಸದಲ್ಲಿ ಮಗುವಿಗಿಂತ ಕಷ್ಟದ ಪಾತ್ರ ದೊಡ್ಡವರದು. ಅವರು ಸುಮ್ಮನಿರಬೇಕು. ಮಗು ಚೀಟಿ ಹಿಡಿದು "ಈಗ ಏನು ಮಾಡಲಿ?" ಎಂದು ಮುಖ ನೋಡಿದಾಗ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದನ್ನು ನುಂಗಿಕೊಂಡು "ಚೀಟಿ ಏನು ಹೇಳುತ್ತದೆ ಮಗಾ?" ಎಂದಷ್ಟೇ ಕೇಳಬೇಕು. ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು, ಓದಿ ಹೇಳಬಾರದು. ಕಠಿಣ ಪದವೊಂದು ಬಂದರೆ ಆ ಪದದ ಅರ್ಥ ಮಾತ್ರ ಹೇಳಬೇಕು. ಅಜ್ಜ ಅಜ್ಜಿಯರಿಗೂ ಈ ಮಾತು ಮೊದಲೇ ತಿಳಿಸಿರಬೇಕು. ಇಲ್ಲವಾದರೆ ಮೊಮ್ಮಗು ಪರದಾಡುವುದನ್ನು ನೋಡಲಾಗದೆ ಅಜ್ಜಿಯೇ ಪಾನಕ ಮಾಡಿ ಮುಗಿಸುತ್ತಾರೆ.

ಕೆಲವೊಮ್ಮೆ ತಪ್ಪು ಚೀಟಿಯದೇ ಆಗಿರುತ್ತದೆ. 'ಸ್ವಲ್ಪ', 'ಬೇಕಾದಷ್ಟು', 'ಅದನ್ನು' ಎಂಬ ಪದಗಳು ಬರೆದವರಿಗೆ ಅರ್ಥವಾಗುತ್ತವೆ, ಓದುವವರಿಗಲ್ಲ. ಇದನ್ನು ಮಗುವಿಗೆ ತಿಳಿಸಲು ಒಳ್ಳೆಯ ಆಟವೊಂದಿದೆ. ಚಹಾ ಮಾಡುವ ವಿಧಾನವನ್ನು ಮಗುವೇ ಬರೆಯಲಿ, ತಂದೆ ಬರೆದಷ್ಟನ್ನೇ ಮಾಡಲಿ. 'ಚಹಾ ಪುಡಿ ಹಾಕಿ' ಎಂದಷ್ಟೇ ಇದ್ದರೆ ಬರೀ ತಟ್ಟೆಗೆ ಪುಡಿ ಸುರಿದು "ಮುಂದೇನು?" ಎಂದು ಕೇಳಲಿ. ಮನೆಮಂದಿಯೆಲ್ಲ ನಗುತ್ತಾರೆ. ಎಲ್ಲಿಗೆ, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳು ಮಗುವಿನ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಸೂಚನೆ ಬರೆಯಲು ಕಲಿತ ಮಗು ಸೂಚನೆ ಓದುವುದರಲ್ಲೂ ಚುರುಕಾಗುತ್ತದೆ.

ಬಾಯಿಬಿಟ್ಟು ಹೇಳಿಕೊಳ್ಳಲಿ

ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಗೊಣಗಿಕೊಳ್ಳುವ ಮಗುವನ್ನು "ಬಾಯಿಮುಚ್ಚಿ ಮಾಡು" ಎನ್ನಬಾರದು. ಮಕ್ಕಳು ತಮಗೆ ತಾವೇ ಆಡಿಕೊಳ್ಳುವ ಮಾತು ಅವರ ಕೆಲಸಕ್ಕೆ ದಾರಿ ತೋರುತ್ತದೆ, ಮುಂದೆ ಅದೇ ಮೌನವಾದ ಯೋಚನೆಯಾಗುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ (1896-1934) ತೋರಿಸಿಕೊಟ್ಟರು. 1971ರಲ್ಲಿ ಮೈಕೆನ್‌ಬಾಮ್ ಮತ್ತು ಗುಡ್‌ಮನ್ ಎಂಬವರು ಆತುರದ ಸ್ವಭಾವದ ಮಕ್ಕಳಿಗೆ ಇದನ್ನೇ ಐದು ಹಂತಗಳಲ್ಲಿ ಕಲಿಸಿದರು. ಮೊದಲು ದೊಡ್ಡವರು ಪ್ರತಿ ಹೆಜ್ಜೆಯನ್ನೂ ಹೇಳಿಕೊಳ್ಳುತ್ತಾ ಮಾಡಿ ತೋರಿಸುವುದು, ಎರಡನೆಯದಾಗಿ ದೊಡ್ಡವರು ಹೇಳುತ್ತಿರಲು ಮಗು ಮಾಡುವುದು, ಮೂರನೆಯದಾಗಿ ಮಗುವೇ ಗಟ್ಟಿಯಾಗಿ ಹೇಳಿಕೊಂಡು ಮಾಡುವುದು, ನಾಲ್ಕನೆಯದಾಗಿ ಪಿಸುಗುಟ್ಟಿಕೊಂಡು, ಕೊನೆಗೆ ಮನಸ್ಸಿನಲ್ಲೇ ಹೇಳಿಕೊಂಡು ಮಾಡುವುದು. ಮನೆಯಲ್ಲೂ ಇದನ್ನು ಇದ್ದ ಹಾಗೇ ಅನುಸರಿಸಬಹುದು.

1915ರಿಂದ ರೈಲ್ವೆಯ ದೊಡ್ಡ ಕಾರ್ಯಾಗಾರವಿರುವ ಮಾಟುಂಗದಲ್ಲಿ ಇದಕ್ಕೆ ಉದಾಹರಣೆ ದೂರ ಹುಡುಕಬೇಕಾಗಿಲ್ಲ. ದೂರದ ರೈಲುಗಳ ಎಂಜಿನಿನಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ, ಕಣ್ಣಿಗೆ ಕಂಡ ಸಿಗ್ನಲನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳಬೇಕೆಂಬುದು ನಿಯಮ. ಕಣ್ಣು ಕಂಡದ್ದನ್ನು ಬಾಯಿ ಹೇಳಿ ಕಿವಿ ಕೇಳಿದಾಗ ತಪ್ಪು ಕಡಿಮೆಯಾಗುತ್ತದೆ. ಕಿವಿಯ ಪರಂಪರೆ ಇಲ್ಲಿ ಅಡ್ಡಿಯಾಗದು, ಬರಹಕ್ಕೆ ಜೊತೆಯಾಗುತ್ತದೆ.

ಇಂಗ್ಲಿಷ್ ಬಾರದ ಪಾಲಕರು ಈ ವಿಷಯದಲ್ಲಿ ಹಿಂಜರಿಯಬೇಕಾಗಿಲ್ಲ. ಅವರಿಗೊಂದು ಅನುಕೂಲವೂ ಇದೆ. ಪ್ರಶ್ನೆಯ ಸೂಚನೆಯನ್ನು ಮಗು ಇಂಗ್ಲಿಷಿನಲ್ಲಿ ಓದಿದ ಬಳಿಕ "ಏನು ಮಾಡಬೇಕಂತೆ? ನನಗೆ ಹೇಳು" ಎಂದು ಕೇಳಿದರೆ ಸಾಕು. ಅದನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳಬೇಕಾದರೆ ಮಗುವಿಗೆ ಅರ್ಥವಾಗಿರಲೇಬೇಕು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಒಪ್ಪಿಸಿದರೆ ಗಿಳಿಪಾಠವೋ ತಿಳಿವಳಿಕೆಯೋ ಗೊತ್ತಾಗದು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ

ಮೇಲಿನ ತರಗತಿಗಳಲ್ಲಿ ಈ ಅಭ್ಯಾಸದ ಬೆಲೆ ಅಂಕಗಳಲ್ಲಿ ಕಾಣುತ್ತದೆ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಮಹಾರಾಷ್ಟ್ರ ಮಂಡಳಿಯ ಹತ್ತನೇ, ಹನ್ನೆರಡನೇ ತರಗತಿಯ ಪರೀಕ್ಷೆಗಳಲ್ಲಿ ಹತ್ತು ನಿಮಿಷ ಮುಂಚಿತವಾಗಿ ಪ್ರಶ್ನೆಪತ್ರಿಕೆ ನೀಡುತ್ತಿದ್ದ ಪದ್ಧತಿಯನ್ನು 2023ರಲ್ಲಿ ಕೈಬಿಟ್ಟು, ಆ ಹತ್ತು ನಿಮಿಷಗಳನ್ನು ಕೊನೆಗೆ ಸೇರಿಸಲಾಯಿತು. ಸಮಯ ಎಲ್ಲೇ ಇರಲಿ, ಅದರಲ್ಲಿ ಏನು ಮಾಡಬೇಕೆಂದು ತಿಳಿದಿರದ ಮಗು ಕೈಕಟ್ಟಿ ಕುಳಿತಿರುತ್ತದೆ.

ಮಾಡಬೇಕಾದದ್ದು ಇಷ್ಟು. ಪ್ರತಿ ಪ್ರಶ್ನೆಯಲ್ಲೂ ಮೂರನ್ನು ಹುಡುಕಬೇಕು. ಏನು ಮಾಡಬೇಕು, ಅಂದರೆ ಕಾರಣ ಕೊಡಬೇಕೋ, ವ್ಯತ್ಯಾಸ ಬರೆಯಬೇಕೋ, ವಿವರಿಸಬೇಕೋ. ಎಷ್ಟು ಮಾಡಬೇಕು, ಅಂದರೆ ಯಾವುದಾದರೂ ಎರಡೋ, ಎಲ್ಲವೋ, ಎಷ್ಟು ವಾಕ್ಯವೋ. ಏನು ಮಾಡಬಾರದು, ಅಂದರೆ 'ಅಲ್ಲದ', 'ಹೊರತುಪಡಿಸಿ', 'ತಪ್ಪಾದ' ಎಂಬ ಪದಗಳು ಇವೆಯೇ. ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು, ಉತ್ತರ ಬರೆಯದೆ, ಈ ಮೂರಕ್ಕೆ ಮಾತ್ರ ಪೆನ್ಸಿಲಿನಿಂದ ಸುತ್ತು ಹಾಕುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷ ಮಾಡಿಸಬಹುದು. ನಿಜವಾದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಮೇಲೆ ಗುರುತು ಹಾಕಲು ಅನುಮತಿಯಿದೆಯೇ ಎಂಬುದನ್ನೂ ಮೊದಲ ಪುಟದ ಸೂಚನೆಯಲ್ಲೇ ಓದಿ ತಿಳಿಯಬೇಕು. ಇಲ್ಲವಾದರೆ ಸುತ್ತನ್ನು ಮನಸ್ಸಿನಲ್ಲೇ ಹಾಕಿಕೊಳ್ಳಬೇಕು.

ಪೊಟ್ಟಣದ ಮೇಲಿನ ಅಕ್ಷರ

ಅಂಕಗಳಿಗಿಂತ ದೊಡ್ಡ ಸಂಗತಿ ಬದುಕಿನದು. ಓಆರ್‌ಎಸ್ ಪೊಟ್ಟಣವನ್ನೇ ಮತ್ತೆ ನೋಡಿದರೆ, ಪೇಟೆಯಲ್ಲಿ ಒಂದು ಲೀಟರ್ ನೀರಿಗೆಂದು ಇರುವ ದೊಡ್ಡ ಪೊಟ್ಟಣವೂ ಸಿಗುತ್ತದೆ, 200 ಮಿಲಿ ಲೀಟರ್ ನೀರಿಗೆಂದು ಇರುವ ಚಿಕ್ಕದೂ ಸಿಗುತ್ತದೆ. ದೊಡ್ಡದನ್ನು ಒಂದು ಲೋಟ ನೀರಿಗೆ ಕಲಸಿದರೆ ಉಪ್ಪಿನಂಶ ಮಿತಿಮೀರಿ ಮಗುವಿಗೆ ಅಪಾಯ. ಚಿಕ್ಕದನ್ನು ಲೀಟರಿಗೆ ಕಲಸಿದರೆ ಪ್ರಯೋಜನವಿಲ್ಲ. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಇಷ್ಟೂ ಪೊಟ್ಟಣದ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ.

ತಂದೆ ತಾಯಿ ಇಬ್ಬರೂ ದುಡಿಯಲು ಹೋಗುವ ಮನೆಗಳಲ್ಲಿ, ವಯಸ್ಸಾದ ಅಜ್ಜಿಯ ಜೊತೆ ಮಧ್ಯಾಹ್ನ ಕಳೆಯುವ ಹನ್ನೆರಡು ಹದಿಮೂರರ ಮಗು ಇಂಥದ್ದನ್ನು ಓದಿ ತಿಳಿಯಬಲ್ಲದಾದರೆ ಅದು ಮನೆಗೊಂದು ಬಲ. ಮಾತ್ರೆಯ ಮೇಲಿನ ದಿನಾಂಕ, 'ಕುಲುಕಿ ಬಳಸಿ', 'ಊಟದ ನಂತರ' ಎಂಬುದನ್ನು ಮಗು ದೊಡ್ಡವರಿಗೆ ಓದಿ ಹೇಳಲಿ. ಆದರೆ ಔಷಧ, ಒಲೆ, ವಿದ್ಯುತ್ತಿನ ವಿಷಯದಲ್ಲಿ ಓದುವುದು ಮಗುವಿನ ಕೆಲಸ, ಮಾಡುವುದು ದೊಡ್ಡವರ ಕೆಲಸ ಎಂಬ ಗೆರೆ ಸ್ಪಷ್ಟವಾಗಿರಬೇಕು.

ಎಲ್ಲವೂ ಅಲಕ್ಷ್ಯವಲ್ಲ

ತಿಂಗಳುಗಟ್ಟಲೆ ತಾಳ್ಮೆಯಿಂದ ಅಭ್ಯಾಸ ಮಾಡಿಸಿದರೂ ಕೆಲವು ಮಕ್ಕಳಿಗೆ ಎರಡು ಸಾಲಿನ ಚೀಟಿಯೂ ಬೆಟ್ಟವಾಗುತ್ತದೆ. ಬಾಯಲ್ಲಿ ಹೇಳಿದರೆ ಚಕಚಕನೆ ಮಾಡುವ ಮಗು ಓದಿ ಮಾಡು ಎಂದರೆ ಕುಗ್ಗುತ್ತದೆ, ಅಕ್ಷರ ಹಿಂದುಮುಂದಾಗುತ್ತದೆ, ಸಾಲು ತಪ್ಪುತ್ತದೆ. ಅಂಥಲ್ಲಿ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಕಣ್ಣು ಸರಿಯಿದ್ದೂ ತೊಂದರೆ ಮುಂದುವರಿದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು ಇರಬಹುದು. 2007ರಲ್ಲಿ ತೆರೆಕಂಡ 'ತಾರೇ ಜಮೀನ್ ಪರ್' ಚಿತ್ರ ಇದನ್ನು ಮನೆಮಾತಾಗಿಸಿತು. ಈ ತೊಡಕಿಗೂ ಬುದ್ಧಿಮತ್ತೆಗೂ ಸಂಬಂಧವಿಲ್ಲ.

ಮಾಟುಂಗದವರಿಗೆ ಹತ್ತಿರದಲ್ಲೇ ಇರುವ ಸಾಯನ್‌ನ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆ ಕಲಿಕಾ ತೊಡಕಿನ ತಪಾಸಣೆಗೆ ಹೆಸರಾಗಿದೆ. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ 1996ರಿಂದ ಮುಂಬಯಿಯಲ್ಲಿ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ತೊಡಕನ್ನೂ ಒಳಗೊಂಡಿದೆ. ಪ್ರಮಾಣಪತ್ರ ಪಡೆದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯಗಳಿವೆ. 'ನಾಲ್ಕು ಜನ ಏನೆಂದಾರು' ಎಂಬ ಅಂಜಿಕೆಯಿಂದ ಮುಚ್ಚಿಡುವುದರಿಂದ ನಷ್ಟವಾಗುವುದು ಮಗುವಿಗೇ.

ಕನ್ನಡಕ್ಕೂ ಒಂದು ದಾರಿ

ಮಹಾನಗರದ ಕನ್ನಡಿಗರ ಮನೆಗಳಲ್ಲಿ ಕನ್ನಡ ಮಾತನಾಡುವ, ಆದರೆ ಓದಲು ಬಾರದ ಮಕ್ಕಳು ಅನೇಕ. ರಜೆಯಲ್ಲಿ ಅಕ್ಷರಮಾಲೆ ಕಲಿಸಿದರೂ ಓದಲು ಕಾರಣವೇ ಇಲ್ಲದ ಮೇಲೆ ಜೂನ್ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಮನೆಯ ಚೀಟಿ ಆ ಕಾರಣವನ್ನು ಒದಗಿಸಬಲ್ಲದು. ಚಿಕ್ಕಿ ಎಲ್ಲಿದೆ ಎಂದು ಹೇಳುವ ಚೀಟಿ ಕನ್ನಡದಲ್ಲೇ ಇದ್ದರೆ ಮಗು ಕನ್ನಡ ಓದದೆ ಬಿಡುವುದಿಲ್ಲ. ಸೂಚನೆ ಪಾಲಿಸುವ ವಿದ್ಯೆಗೆ ಭಾಷೆಯ ಹಂಗಿಲ್ಲ. ಕನ್ನಡದ ಚೀಟಿಯಲ್ಲಿ ಕಲಿತ ತಾಳ್ಮೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲೂ ಕೆಲಸಕ್ಕೆ ಬರುತ್ತದೆ.

ಸಂಘ ಸಂಸ್ಥೆಗಳೂ ಇತ್ತ ಗಮನ ಹರಿಸಬಹುದು. 1926ರಲ್ಲಿ ಸ್ಥಾಪನೆಯಾಗಿ ಭಾವು ದಾಜಿ ರಸ್ತೆಯಲ್ಲಿ ನೆಲೆಯೂರಿರುವ ಮೈಸೂರು ಅಸೋಸಿಯೇಷನ್, 1933ರಿಂದ ಕನ್ನಡದ ಸೇವೆಯಲ್ಲಿರುವ ಕರ್ನಾಟಕ ಸಂಘದಂಥ ಹಿರಿಯ ಸಂಸ್ಥೆಗಳು ಮಾಟುಂಗ ಪರಿಸರದಲ್ಲಿವೆ. ಜಾತೀಯ ಸಂಘಗಳ ಯುವ ವಿಭಾಗ, ಮಹಿಳಾ ವಿಭಾಗಗಳಂತೂ ಉಪನಗರಗಳ ಉದ್ದಕ್ಕೂ ಇವೆ. ಮಕ್ಕಳ ದಿನಾಚರಣೆಯಲ್ಲಿ ವೇಷಭೂಷಣ, ಚಿತ್ರಕಲೆ ಸ್ಪರ್ಧೆಗಳ ಜೊತೆ ಚೀಟಿ ಓದಿ ನಿಧಿ ಹುಡುಕುವ ಆಟ, ಬರೆದ ವಿಧಾನದಂತೆ ಕಾಗದದ ದೋಣಿ ಮಡಚುವ ಸ್ಪರ್ಧೆ, ಒಲೆಯಿಲ್ಲದ ಅಡುಗೆ ಇವನ್ನು ಸೇರಿಸಿದರೆ ಖರ್ಚು ಹೆಚ್ಚಿಲ್ಲ. ವೇದಿಕೆಯಿಂದ ಮೈಕಿನಲ್ಲಿ ನಿಯಮ ಕೂಗಿ ಹೇಳುವ ಬದಲು ಪ್ರತಿ ಮಗುವಿನ ಕೈಗೂ ಬರೆದ ನಿಯಮದ ಕಾಗದ ಕೊಟ್ಟರೆ ಅಷ್ಟರಮಟ್ಟಿಗೆ ಶಿಕ್ಷಣವೂ ಆಯಿತು.

ಪಾಲಕರು ಇಂದಿನಿಂದಲೇ ಮಾಡಬಹುದಾದದ್ದು ತೀರಾ ಸಣ್ಣದು. ದಿನಕ್ಕೆ ಬಾಯಲ್ಲಿ ಹೇಳುವ ಹತ್ತು ಮಾತುಗಳಲ್ಲಿ ಒಂದನ್ನು ಚೀಟಿಯಲ್ಲಿ ಬರೆದಿಟ್ಟು, ಮಗು ಅದನ್ನು ಓದಿ ಮಾಡುವವರೆಗೆ ಸುಮ್ಮನಿರುವುದು. ಮೊದಲ ವಾರ ಕೆಲಸ ತಡವಾದೀತು, ಹಾಲು ಚೆಲ್ಲೀತು, ಮಲ್ಲಿಗೆಯ ಜೊತೆ ಸೇವಂತಿಗೆಯೂ ಬಂದೀತು. ಅಷ್ಟಕ್ಕೆ ಚೀಟಿಯನ್ನು ಕಸಿದುಕೊಳ್ಳದಿದ್ದರೆ ಸಾಕು. ನಾಳೆ ಕಾಲೇಜಿನ ಪ್ರವೇಶದ ಅರ್ಜಿ, ಬ್ಯಾಂಕಿನ ಕಾಗದ, ನೌಕರಿಯ ಕರಾರು ಕೈಗೆ ಬಂದಾಗ ಓದಿ ಹೇಳಲು ತಾಯಿ ಪಕ್ಕದಲ್ಲಿರುವುದಿಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರು ಬಯಸಿದ್ದು, ಮುಂದಿನವರು ಯಾರನ್ನೂ ಕೇಳದೆ ತಮ್ಮ ಕಾಗದವನ್ನು ತಾವೇ ಓದಿಕೊಳ್ಳಲಿ ಎಂದೇ.